ಮೈಸೂರಿನಲ್ಲಿ 35 ವರ್ಷದ ಹಳೆ ಮನೆ, ರಿಪೇರಿಗೆ ಕೈಯಲ್ಲಿ 6 ಲಕ್ಷ. ಮೂರು ಲಕ್ಷದ ಮಾಡ್ಯುಲರ್ ಕಿಚನ್ ಮಾಡಿಸೋ ಆಸೆ ಇದೆ. ರೂಮಿಗೆಷ್ಟು ಅಂತ ಹಂಚಲಿ?

ರೂಮಿನ ಲೆಕ್ಕದಲ್ಲಿ ಹಂಚಲೇಬೇಡಿ. ಸರಸ್ವತಿಪುರಂನ ನಮ್ಮ ಅಪ್ಪನ ಮನೆಗೆ ನಾನೂ ಹೀಗೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕೂತಿದ್ದೆ. ಅಡುಗೆಮನೆಗೆ ಎರಡು ಲಕ್ಷ, ಬಚ್ಚಲಿಗೆ ಒಂದೂವರೆ, ಮಿಕ್ಕಿದ್ದು ಬಣ್ಣ, ಕಿಟಕಿ. ಗೋಡೆಯೊಳಗೆ ಇರೋದಕ್ಕೆ ಅಂತ ಒಂದು ಪೈಸೆಯೂ ಇಟ್ಟಿರಲಿಲ್ಲ.

ಪೈಪೆಲ್ಲ ಹಳೇ ಜಿಐ, ಅಂದರೆ ಸತುವಿನ ಲೇಪನದ ಕಬ್ಬಿಣ. ಪ್ಲಂಬರ್ ಮೊದಲೇ ಹೇಳಿದ್ದ, "ಸಾರ್, ಕಿತ್ತು ಸಿಪಿವಿಸಿ ಪ್ಲಾಸ್ಟಿಕ್ ಪೈಪ್ ಹಾಕ್ಬಿಡೋಣ, ನಲವತ್ತು ಸಾವಿರದಲ್ಲಿ ಆಗುತ್ತೆ." ನಾನು ನಲ್ಲಿ ತಿರುಗಿಸಿ ತೋರಿಸಿದೆ. ನೀರು ಬರ್ತಿದೆಯಲ್ಲ! ಧಾರೆ ಸಣ್ಣಗಿತ್ತು ನಿಜ, ಟ್ಯಾಂಕ್ ಎತ್ತರ ಸಾಲದು ಅಂದುಕೊಂಡೆ. ಆ ನಲವತ್ತು ಸಾವಿರ ಅಡುಗೆಮನೆಯ ಗ್ರಾನೈಟಿಗೆ ಹೋಯಿತು.

ಎಡವಟ್ಟು ಆಗಿದ್ದು ಇಲ್ಲೇ. ಹಳೇ ಟೈಲ್ಸ್ ಒಡೆಯುವಾಗ ಸುತ್ತಿಗೆಯ ಏಟು ಪೈಪಿಗೂ ಬೀಳುತ್ತದೆ. ಎಷ್ಟೋ ಜಾಯಿಂಟುಗಳನ್ನು ಅಷ್ಟು ದಿನ ಹಿಡಿದಿಟ್ಟಿದ್ದೇ ತುಕ್ಕು. ಅದು ಅಲುಗಾಡಿತು. ಅದರ ಮೇಲೇ ನಾನು ಹೊಸ ಟೈಲ್ಸ್ ಕೂರಿಸಿದೆ. ದಸರಾಕ್ಕೆ ನೆಂಟರು ಬಂದಾಗ ಬಚ್ಚಲ ಹಿಂದಿನ ರೂಮಿನ ಹೊಸ ಬಣ್ಣ ಹಪ್ಪಳದ ಹಾಗೆ ಉಬ್ಬಿತ್ತು. ಅಮ್ಮ ಮಳೆಯ ಮೇಲೆ ಹಾಕಿದರು. ಪ್ಲಂಬರ್ ಬಂದು ಒಡೆದು ಒಂದು ತುಂಡು ಕತ್ತರಿಸಿ ಕೈಗಿಟ್ಟ. ಒಳಗೆ ಪೆನ್ಸಿಲ್ ಕೂಡ ತೂರುತ್ತಿರಲಿಲ್ಲ, ಅಷ್ಟು ತುಕ್ಕು. ಒಡೆದಿದ್ದು ಬರೀ ಮೂರು ಸಾಲು ಟೈಲ್ಸ್. ಆದರೆ ಅದೇ ಬಣ್ಣದ್ದು ಅಂಗಡಿಯಲ್ಲಿ ಮುಗಿದಿತ್ತು. ಇಡೀ ಗೋಡೆ ಮತ್ತೆ ಮಾಡಿಸಬೇಕಾಯಿತು. ಪೈಪು, ಕೂಲಿ, ಬಣ್ಣ ಎಲ್ಲ ಸೇರಿ ಲಕ್ಷ ದಾಟಿತು.

ಹಾಗಾಗಿ ಮೊದಲು ಪೈಪು, ವೈರಿಂಗ್, ತಾರಸಿ ಸೋರಿಕೆ. ಇವಕ್ಕೆ ಆಗೋದನ್ನು ತೆಗೆದಿಟ್ಟು ಉಳಿದದ್ದರಲ್ಲಿ ಚಂದ ಮಾಡಿ. ಟೈಲ್ಸ್ ಕೂರಿಸುವ ಮುಂಚೆ ಪೈಪಿಗೆ ಪಂಪಿನಿಂದ ಒತ್ತಡ ಕೊಡಿಸಿ, ಬಚ್ಚಲ ನೆಲಕ್ಕೆ ಒಂದೆರಡು ದಿನ ನೀರು ಕಟ್ಟಿ ನಿಲ್ಲಿಸಿ, ಎಲ್ಲಾದರೂ ಸೋರುತ್ತದಾ ನೋಡಿ. ಮೇಸ್ತ್ರಿ ಗೊಣಗುತ್ತಾನೆ, ಗೊಣಗಲಿ. ಟೈಲ್ಸ್ ಶೇ. 10 ಜಾಸ್ತಿ ತಗೊಳ್ಳಿ, ಉಳಿದ ಬಾಕ್ಸ್ ಅಟ್ಟದ ಮೇಲಿರಲಿ. ಒಡೆದ ಮಣ್ಣು ಸಾಗಿಸೋ ಟ್ರ್ಯಾಕ್ಟರ್ ಬಾಡಿಗೆ ಯಾರೂ ಬರೆದುಕೊಳ್ಳಲ್ಲ, ನೀವು ಬರೆದುಕೊಳ್ಳಿ. ಮೂರು ಲಕ್ಷದ ಮಾಡ್ಯುಲರ್ ಕಿಚನ್ ಅಂದಿದ್ದೀರಲ್ಲ, ಅದನ್ನು ಸುಮ್ನೆ ಮುಂದಿನ ವರ್ಷಕ್ಕೆ ತಳ್ಳಿ.

ಪೈಪು ಯಾವುದು ಅಂತ ನೀವು ಬರೆದಿಲ್ಲ. ಹೊರಗೆ ಕಾಣುವ ಪೈಪಿಗೆ ಒಂದು ಮ್ಯಾಗ್ನೆಟ್ ಹಿಡಿದು ನೋಡಿ. ಅಂಟಿತೋ, ಅದು ಕಬ್ಬಿಣ, ಟೈಲ್ಸ್ ಅಂಗಡಿ ಕಡೆ ಸದ್ಯಕ್ಕೆ ಹೋಗಬೇಡಿ.