ಆ ಆಡಿಯೋ ಅಳಿಸುವ ಮುಂಚೆ ಸ್ವಲ್ಪ ತಡೆಯಿರಿ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ, ಊರಿನ ವಾಟ್ಸಾಪ್ ಗ್ರೂಪಿನ ಅಡ್ಮಿನ್. ‘ಬಗರ್‌ಹುಕುಂ ಜಮೀನೆಲ್ಲ ಬಿಡಿಸ್ತೀನಿ’, ಅಂದರೆ ಮಂಜೂರಾಗದ ಸರ್ಕಾರಿ ಜಾಗದಲ್ಲಿ ಸಾಗುವಳಿ ಮಾಡುವವರನ್ನು ಎಬ್ಬಿಸ್ತೀನಿ ಎಂದು ಅಭ್ಯರ್ಥಿಯೊಬ್ಬರ ದನಿಯಲ್ಲಿ ಆಡಿಯೋ ಬಂತು. ಎಐನಿಂದ ಮಾಡಿದ್ದು ಅಂತ ಗೊತ್ತಾಗುವಷ್ಟರಲ್ಲಿ ಊರೆಲ್ಲ ಹರಡಿತ್ತು. ನನ್ನ ಮೇಲೆ ಕೇಸ್ ಬೀಳುತ್ತಾ? ಗ್ರಾಮ ಪಂಚಾಯಿತಿ ಚುನಾವಣೆಯಲ್ಲೂ ಹೀಗಾದರೆ ಏನು ಮಾಡಲಿ?

ಉತ್ತರ: ಬರೀ ಅಡ್ಮಿನ್ ಆಗಿದ್ದಕ್ಕೆ ಹೆದರಬೇಡಿ. ಬೇರೆಯವರು ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಸುಳ್ಳು ಅಂತ ಗೊತ್ತಿದ್ದೂ ನೀವೇ ಮುಂದಕ್ಕೆ ಕಳಿಸಿದ್ದರೆ ಮಾತ್ರ ಕಷ್ಟ.

ಮಾಡಿದವರಿಗೆ ಶಿಕ್ಷೆ? ಅಭ್ಯರ್ಥಿಯ ವೈಯಕ್ತಿಕ ನಡತೆ ಬಗ್ಗೆ ಸುಳ್ಳು ಹಬ್ಬಿಸಿದರೆ ಭಾರತೀಯ ನ್ಯಾಯ ಸಂಹಿತೆಯ 175ನೇ ಸೆಕ್ಷನ್ ಇದೆ. ಆದರೆ ಅದಕ್ಕೆ ಬರೀ ದಂಡ, ಜೈಲಿಲ್ಲ. ಜಮೀನು ಬಿಡಿಸುವ ಮಾತು ‘ವೈಯಕ್ತಿಕ ನಡತೆ’ ಹೇಗಾಗುತ್ತೆ ಅಂತ ಎದುರಿನ ವಕೀಲರು ಕೇಳೇ ಕೇಳ್ತಾರೆ. ಹೆಸರು ಕೆಡಿಸಲು ನಕಲಿ ದಾಖಲೆ ಮಾಡಿದ್ದು ಎಂದು ಅದೇ ಸಂಹಿತೆಯ 336(4)ನೇ ಸೆಕ್ಷನ್ ಹಾಕಿದರೆ ಮೂರು ವರ್ಷದವರೆಗೆ ಜೈಲಿದೆ. ನನ್ನ ಪ್ರಕಾರ ಇದೇ ಗಟ್ಟಿ ದಾರಿ.

ಅದಕ್ಕೆ ಸಾಕ್ಷಿ ಬೇಕಲ್ವಾ? ಇಂಥದ್ದು ಬಂದ ಕೂಡಲೇ ಅಡ್ಮಿನ್‌ಗಳು ‘ಡಿಲೀಟ್ ಫಾರ್ ಎವ್ರಿಒನ್’ ಒತ್ತಿಬಿಡ್ತಾರೆ. ಮೊದಲು ಫೈಲ್ ಉಳಿಸಿಕೊಳ್ಳಿ. ಕಳಿಸಿದವರ ನಂಬರು, ದಿನ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಆಮೇಲೆ ಅಳಿಸಿ. ಫೋನ್ ರೀಸೆಟ್ ಮಾಡದೆ ಶಿವಮೊಗ್ಗದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೆ ದೂರು ಕೊಡಿ.

ಡೀಪ್‌ಫೇಕ್ (ಎಐನಿಂದ ಮಾಡಿದ ನಕಲಿ ಆಡಿಯೋ, ವಿಡಿಯೋ) ಗಮನಕ್ಕೆ ಬಂದ 3 ಗಂಟೆಯೊಳಗೆ ತೆಗೆಯಬೇಕು ಎಂದು 2024ರಲ್ಲಿ ಭಾರತ ಚುನಾವಣಾ ಆಯೋಗ ಪಕ್ಷಗಳಿಗೆ ಹೇಳಿತ್ತು. ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆಯೇ ಇಲ್ಲ, ನಡೆಸುವುದು ರಾಜ್ಯ ಚುನಾವಣಾ ಆಯೋಗ. ಹಾಗಾಗಿ ಅಲ್ಲಿ ಚುನಾವಣಾಧಿಕಾರಿಗೆ ಬರವಣಿಗೆಯಲ್ಲೇ ದೂರು ಕೊಡಿ, ಸ್ವೀಕೃತಿ ತಗೊಳ್ಳಿ.

ಅಪಾಯ ಜಾಸ್ತಿ ಇರುವುದು ಕೊನೆಯ ಎರಡು ದಿನ. 2023ರಲ್ಲಿ ಸ್ಲೊವಾಕಿಯಾದಲ್ಲಿ ಪ್ರಚಾರ ನಿಂತ ಹೊತ್ತಿಗೇ ನಕಲಿ ಆಡಿಯೋ ಬಿಟ್ಟಿದ್ದರು, ಅಲ್ಲಗಳೆಯಲು ಸಮಯ ಸಿಗದಂತೆ. ಆ ಎರಡು ದಿನ ಗ್ರೂಪನ್ನು ‘ಅಡ್ಮಿನ್ ಮಾತ್ರ’ ಮಾಡಿಡಿ. ಯಾರಾದ್ರೂ ಮುನಿಸಿಕೊಂಡರೆ ಮುನಿಸಿಕೊಳ್ಳಲಿ ಬಿಡಿ.

ಇನ್ನೊಂದು. ನಿಜವಾಗಿ ಆಡಿದ ಮಾತನ್ನೂ ‘ಅದು ಎಐ’ ಅಂತ ಜಾರಿಕೊಳ್ಳುವವರು ಬರ್ತಾರೆ. ಆಗ ಯಾವ ಸಭೆ, ಯಾವ ದಿನ, ಪೂರ್ತಿ ರೆಕಾರ್ಡಿಂಗ್ ಯಾರ ಬಳಿ ಇದೆ ಅಂತ ಕೇಳಿ. ಸಭೆಗೆ ಹೋಗಿದ್ದವರು ನಿಮ್ಮ ಗ್ರೂಪಿನಲ್ಲೇ ನಾಲ್ಕೈದು ಜನ ಇರ್ತಾರೆ.