‘ಬರುತ್ತೇವೆ’ ಎನ್ನುವ ಮುನ್ನ

ಬಾಸ್ಟನ್ನಿಗೆ ಬಂದು ಎರಡೇ ತಿಂಗಳಾಗಿರುವ ನಿಮ್ಮನ್ನು ಕಚೇರಿಯ ಜಪಾನಿ ಗೆಳತಿ ಇಲ್ಲಿನ ಜಪಾನ್ ಸೊಸೈಟಿಯ ವಾರ್ಷಿಕೋತ್ಸವಕ್ಕೆ ಕರೆದಿದ್ದಾರೆ. ಹೋದರೆ ಏನು ಉಡಬೇಕು, ಏನು ಒಯ್ಯಬೇಕು, ಅಷ್ಟಕ್ಕೂ ನಮಗೆ ಅಲ್ಲೇನು ಕೆಲಸ ಎಂದು ಕೇಳಿದ್ದೀರಿ. ರೇಷ್ಮೆ ಸೀರೆ ಸಾಕು, ಜೊತೆಗೊಂದು ಸಣ್ಣ ಸಿಹಿಪೊಟ್ಟಣ. ಸಸ್ಯಾಹಾರಿಗಳಾದರೆ ಮೊದಲೇ ತಿಳಿಸಿ. ಹುದುಗಿಸಿದ ಸೋಯಾದಿಂದ ಮಾಡುವ ಅವರ ಮಿಸೊ ಸಾರಿಗೆ ಸಾಮಾನ್ಯವಾಗಿ ಮೀನಿನ ಕಟ್ಟೇ ಆಧಾರ.

ನಮಗೇನು ಕೆಲಸ ಎಂದಿರಲ್ಲ, ಆ ಸಂಘ ಹುಟ್ಟಿದ್ದು 1904ರಲ್ಲಿ. ಅದೇ ವರ್ಷ ಇಲ್ಲಿನ ಕಲಾ ಸಂಗ್ರಹಾಲಯದ ಕೆಲಸಕ್ಕೆಂದು ಬಂದ ಜಪಾನಿ ಕಲಾ ವಿದ್ವಾಂಸ ಒಕಾಕುರಾ ಕಾಕುಜೊ, ಅದಕ್ಕೆ ಎರಡು ವರ್ಷ ಮೊದಲು ಬಂಗಾಳದಲ್ಲಿ ವಿವೇಕಾನಂದರನ್ನೂ ರವೀಂದ್ರರನ್ನೂ ಕಂಡು ಬಂದವರು. 1959ರಲ್ಲಿ ಜಪಾನಿನ ಕ್ಯೋಟೋ ಈ ಊರಿನ ಸೋದರಿ ನಗರವಾಯಿತು. ಅಲ್ಲಿನ ರೇಷ್ಮೆ ವ್ಯಾಪಾರಿಯೊಬ್ಬರ ಹಳೆಯ ಮನೆಯೇ ಕಾಣಿಕೆಯಾಗಿ ಬಂದು ಮಕ್ಕಳ ಸಂಗ್ರಹಾಲಯದೊಳಗೆ ನಿಂತಿದೆ. ಪಾದರಕ್ಷೆ ಹೊರಗೆ ಬಿಟ್ಟು ಅದರೊಳಗೆ ಕಾಲಿಟ್ಟ ನಮ್ಮತ್ತೆ, ಈ ದೇಶದಲ್ಲಿ ಮಡಿಯಿರುವ ಮನೆ ಇದೊಂದೇ ಎಂದಿದ್ದರು.

ಆದರೆ ಉಡುಗೆ, ಉಡುಗೊರೆಗಿಂತ ದೊಡ್ಡದೊಂದಿದೆ. ಸಂಘಕ್ಕೆ ನೂರು ತುಂಬಿದ 2004ರಲ್ಲಿ, ಅದರ ಸದಸ್ಯರಾಗಿದ್ದ ನೆರೆಮನೆಯ ಜಪಾನಿ ವೃದ್ಧೆ ಮತ್ತು ಅವರ ಅಮೆರಿಕನ್ ಪತಿ, ಆ ಸಂತೋಷಕ್ಕೆಂದು ಮನೆಯಲ್ಲಿಟ್ಟುಕೊಂಡ ಊಟಕ್ಕೆ ನಮ್ಮನ್ನು ಕರೆದರು. ಆಗಿನ್ನೂ ನಾವು ಬಂದು ವರ್ಷ ತುಂಬಿರಲಿಲ್ಲ. ಕರೆದವರ ಮುಖಕ್ಕೆ ಇಲ್ಲವೆನ್ನಬಾರದು, ಎಲೆ ನಾಲ್ಕು ಹೆಚ್ಚಾದರೂ ಕಡಿಮೆಯಾದರೂ ಯಾರೂ ಎಣಿಸುವುದಿಲ್ಲ ಎಂಬ ನಮ್ಮೂರ ಅಭ್ಯಾಸದಲ್ಲಿ ‘ಬರುತ್ತೇವೆ’ ಎಂದೆ. ಆ ಸಂಜೆ ಕನ್ನಡ ಕೂಟದವರೊಬ್ಬರ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಿ ಕುಳಿತೆ. ಮರುದಿನ ಆಕೆ ಬಾಗಿಲಿಗೆ ಬಂದು, ಮಕ್ಕಳಿಗೇನಾದರೂ ಹುಷಾರಿಲ್ಲವೇ ಎಂದು ವಿಚಾರಿಸಿ, ಮುಚ್ಚಳವಿದ್ದ ನಾಲ್ಕು ಬಟ್ಟಲು ಕೊಟ್ಟುಹೋದರು. ಮೀನು ಸೋಕಿಸದೆ, ಕಡಲಪಾಚಿ ಮತ್ತು ಅಣಬೆಯಿಂದ ನಮಗಾಗಿಯೇ ಬೇರೆ ಮಾಡಿದ್ದ ಸಾರು ಅದರಲ್ಲಿತ್ತು.

ಬಟ್ಟಲುಗಳನ್ನು ತೊಳೆದು, ಚಕ್ಕುಲಿ ತುಂಬಿಸಿ ಹಿಂತಿರುಗಿಸಿದೆ. ಆಕೆ ಬಾಗಿ ವಂದಿಸಿದರು, ಆಮೇಲೂ ಕಂಡಾಗಲೆಲ್ಲ ನಕ್ಕರು, ಮತ್ತೆಂದೂ ಕರೆಯಲಿಲ್ಲ. ನಾಚಿಕೆಯಿಂದ ನಾನೂ ಅವರನ್ನು ಒಂದು ದೀಪಾವಳಿಗೂ ಕರೆಯಲಿಲ್ಲ.

ಆಹ್ವಾನದಲ್ಲಿ ಉತ್ತರಕ್ಕೊಂದು ಕೊನೆಯ ದಿನ ನಮೂದಾಗಿರುತ್ತದೆ. ಎಷ್ಟು ಜನರೆಂದು ಸರಿಯಾಗಿ ಬರೆಯಿರಿ, ಊರಿಂದ ಬಂದ ನೆಂಟರನ್ನು ಹೇಳದೆ ಕರೆದೊಯ್ಯಬೇಡಿ, ಆಗದಿದ್ದರೆ ಆಗದೆಂದೇ ಬರೆಯಿರಿ. ಚಳಿಗಾಲದ ಬಗ್ಗೆ ಕೇಳಿದ್ದಕ್ಕೆ ಇನ್ನೊಮ್ಮೆ ಉತ್ತರಿಸುತ್ತೇನೆ. ಸದ್ಯಕ್ಕೆ ಒಳ್ಳೆಯ ಬೂಟು ಕೊಳ್ಳಿ.