ವಾಚ್ ಚೈನು ಸಡಿಲವೇ? ಮೊದಲು ಬಾಣದ ಗುರುತು ಹುಡುಕಿ

ಪ್ರಶ್ನೆ: ಸ್ಟೀಲ್ ಚೈನಿನ ವಾಚು ಕೈಯಲ್ಲಿ ಜಾರುತ್ತದೆ. ಎಷ್ಟು ಕೊಂಡಿ ತೆಗೆಯಬೇಕು, ಯಾವ ಕಡೆಯಿಂದ? ಮನೆಯಲ್ಲೇ ಮಾಡಬಹುದೇ?

ಉತ್ತರ: ಧಾರಾಳವಾಗಿ ಮಾಡಬಹುದು. ಆದರೆ ಕೊಂಡಿಗೆ ಕೈಹಾಕುವ ಮುಂಚೆ ಲಾಕಿನ ಪಕ್ಕ ನೋಡಿ. ಅಲ್ಲಿ ಸಾಲಾಗಿ ಸಣ್ಣ ತೂತುಗಳಿದ್ದರೆ, ಒಳಗಿನ ಸ್ಪ್ರಿಂಗ್ ಪಿನ್ನನ್ನು ಒತ್ತಿ ಪಕ್ಕದ ತೂತಿಗೆ ಸರಿಸಿ. ಕೆಲವು ಮಿ.ಮೀ. ಬಿಗಿಯಾಗುತ್ತದೆ. ಒತ್ತುವಾಗ ಬೆರಳು ಅಡ್ಡವಿಡಿ, ಆ ಪಿನ್ನು ಚಿಮ್ಮಿಹೋದರೆ ಮತ್ತೆ ಸಿಗುವುದು ಕಷ್ಟ. ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ.

ಸಾಲದಿದ್ದರೆ ವಾಚು ಕಟ್ಟಿಕೊಂಡು, ಹೆಚ್ಚಾದ ಭಾಗವನ್ನು ಚಿವುಟಿ ಹಿಡಿದು ಕೊಂಡಿ ಎಣಿಸಿ. ಲಾಕಿನ ಕೆಳಗೆ ಕಿರುಬೆರಳ ತುದಿ ತೂರುವಷ್ಟು ಜಾಗ ಬಿಡಿ. ಸೆಕೆಗೆ ಮಣಿಕಟ್ಟು ತುಸು ಊದುವುದರಿಂದ ಬೆಳಿಗ್ಗೆ ಎದ್ದ ಕೂಡಲೇ ಅಳೆಯಬೇಡಿ. ಎರಡೂ ಕಡೆ ಸಮನಾಗಿ ತೆಗೆದರೆ ಲಾಕು ಕೈಯ ನಡುವೆ ಕೂರುತ್ತದೆ. ಬೆಸ ಸಂಖ್ಯೆ ಬಂದರೆ ಹೆಚ್ಚಿನ ಒಂದನ್ನು 6 ಗಂಟೆಯ ಕಡೆಯಿಂದ ತೆಗೆಯುವುದು ವಾಡಿಕೆ.

ಇನ್ನು ಕೊಂಡಿಯ ಒಳಮೈ ನೋಡಿ. ಬಾಣದ ಗುರುತಿದ್ದರೆ ಅದು ಪಿನ್ನಿನ ಚೈನು. ಇಲ್ಲೊಂದು ಮೋಸವಿದೆ: ಪಿನ್ನಿನ ಸೀಳಿದ ತುದಿ ಪಕ್ಕದಿಂದ ನೋಡಿದರೆ ಸ್ಕ್ರೂವಿನ ಗೀರಿನಂತೆಯೇ ಕಾಣುತ್ತದೆ. ಅದಕ್ಕೆ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ಸೀಳು ಹಾಳಾಗುತ್ತದೆ, ಪಿನ್ನು ಕದಲುವುದಿಲ್ಲ. ಪಿನ್ನನ್ನು ಬಾಣ ತೋರುವ ದಿಕ್ಕಿಗೇ ತಳ್ಳಬೇಕು. ಹಾಕುವಾಗ ಅದಕ್ಕೆ ಎದುರು ದಿಕ್ಕು: ಸೀಳಿಲ್ಲದ ತುದಿ ಮೊದಲು ಒಳಗೆ, ಸೀಳಿದ ತುದಿ ಕೊನೆಗೆ. ಚೈನನ್ನು ಹಿಡಿದಿಡುವುದು ಆ ಸೀಳಿನ ಬಿಗಿಯೇ. ಒಂದು ಕೊಂಡಿ ತೆಗೆಯಲು ಅದರ ಎರಡೂ ಬದಿಯ ಪಿನ್ನು ತೆಗೆದು, ಚೈನನ್ನು ಒಂದರಿಂದ ಮತ್ತೆ ಕೂಡಿಸಬೇಕು.

ಪ್ರಶ್ನೆ: ಪಿನ್ನು ಹೊರಡುತ್ತಲೇ ಇಲ್ಲ. ತಿರುಪಿ ತಳ್ಳುವ ಉಪಕರಣದ ಮೊನೆಯೇ ಬಾಗಿತು.

ಉತ್ತರ: ಮೊನೆ ಬಾಗುವುದು ಬಲ ಸಾಲದೆ ಅಲ್ಲ, ಮೊನೆ ತೂತಿನ ನೇರಕ್ಕೆ ಇಲ್ಲದ್ದರಿಂದ. ಚೈನನ್ನು ಎತ್ತರಿಸಿ ಸರಿಸಿ, ಮೊನೆ ಪಿನ್ನಿನ ನಟ್ಟನಡುವೆ ಮುಟ್ಟಿದ ಮೇಲಷ್ಟೇ ತಿರುಪಿ. ಮೊದಲ ಒಂದೆರಡು ಮಿ.ಮೀ. ಮಾತ್ರ ಬಿಗಿ, ಆಮೇಲೆ ಸಲೀಸು. ಜಗ್ಗದಿದ್ದರೆ ಚೈನನ್ನು ತೋಡು ಕೊರೆದ ಬ್ಲಾಕಿನ ಮೇಲಿಟ್ಟು, 0.8ರಿಂದ 1 ಮಿ.ಮೀ. ದಪ್ಪದ ಪಂಚ್ (ಪಿನ್ನು ತಳ್ಳುವ ಉಕ್ಕಿನ ಕಡ್ಡಿ) ಇಟ್ಟು ಪುಟ್ಟ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ. ಪಂಚು ತೂತಿಗಿಂತ ಸಣ್ಣದಿರಲೇಬೇಕು. ಹಳೆಯ ವಾಚಾದರೆ ಬೆವರಿನ ಕೊಳೆ ಪಿನ್ನನ್ನು ಕಚ್ಚಿ ಹಿಡಿದಿರುತ್ತದೆ. ವಾಚಿನಿಂದ ಚೈನನ್ನು ಬಿಡಿಸಿ, ಸೋಪು ಬೆರೆಸಿದ ಬೆಚ್ಚನೆ ನೀರಿನಲ್ಲಿ ನೆನೆಸಿ, ಬ್ರಷ್‌ನಿಂದ ಉಜ್ಜಿ, ಮತ್ತೆ ಪ್ರಯತ್ನಿಸಿ.

ನಿಜವಾಗಿ ಸ್ಕ್ರೂ ಇರುವ ಚೈನಿನಲ್ಲಿ ಸ್ಕ್ರೂವಿನ ಸುರುಳಿ ಎಳೆಗಳಿಗೆ ಗೋಂದು ಹಾಕಿರುವುದುಂಟು. ಹೇರ್ ಡ್ರೈಯರ್‌ನಿಂದ ಆ ಕೊಂಡಿಯನ್ನಷ್ಟೇ ಬಿಸಿ ಮಾಡಿದರೆ ಸಡಿಲವಾಗುತ್ತದೆ. ಸ್ಕ್ರೂಡ್ರೈವರ್‌ನ ಅಲಗು ಗೀರಿನ ತುಂಬ ಕೂರಬೇಕು, ತೆಳ್ಳಗಿದ್ದರೆ ಜಾರಿ ಹೊಳಪಿನ ಮೇಲೆ ಗೀಚುತ್ತದೆ. ಪಕ್ಕಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿಕೊಂಡರೆ ಒಳ್ಳೆಯದು.

ಪ್ರಶ್ನೆ: ಕೊಂಡಿ ತೆಗೆದು ಕೂಡಿಸಿದೆ. ಪಿನ್ನು ತಾನೇ ಹೊರಬರುತ್ತಿದೆ.

ಉತ್ತರ: ಪಿನ್ನಿಗೆ ಸೀಳಿದೆಯೇ ನೋಡಿ. ಸೀಳಿದ್ದರೆ ಬ್ಲೇಡಿನ ಅಂಚಿನಿಂದ ಕೂದಲೆಳೆಯಷ್ಟು ಅಗಲಿಸಿ ಹಾಕಿ. ಇಲ್ಲದೆ ನುಣ್ಣಗಿನ ಪಿನ್ನಾದರೆ, ತೆಗೆಯುವಾಗ ಒಂದು ಪುಟ್ಟ ಕೊಳವೆ ಉದುರಿರಬೇಕು. ಕೆಲವು ಚೈನುಗಳಲ್ಲಿ ಪಿನ್ನನ್ನು ಬಿಗಿಹಿಡಿಯುವುದು ಅದೇ. ಅಕ್ಕಿ ಕಾಳಿಗಿಂತ ಚಿಕ್ಕದು, ಆದ್ದರಿಂದಲೇ ಬಿಳಿ ಬಟ್ಟೆ ಹಾಸಿಕೊಂಡು ಕೆಲಸ ಮಾಡಬೇಕು. ಅದಿಲ್ಲದೆ ವಾಚು ಕಟ್ಟಿಕೊಳ್ಳಬೇಡಿ, ಗೋಂದು ಹಾಕಿ ನಿಲ್ಲಿಸಲೂ ಹೋಗಬೇಡಿ. ತೆಗೆದಿಟ್ಟ ಕೊಂಡಿಯ ಜೊತೆ ಒಂದು ಪಿನ್ನು, ಒಂದು ಕೊಳವೆ ಉಳಿದೇ ಇರುತ್ತವೆ. ಕಳೆದದ್ದರ ಬದಲು ಅದನ್ನು ಬಳಸಿ.